ಗುರುವೆಂದರೆ ಸ್ವರಾಘಾತವಲ್ಲ

ಕನ್ನಡ ಛಂದಸ್ಸಿನ ಗುರುವೂ ಐರೋಪ್ಯ ಭಾಷೆಗಳ ಸ್ವರಾಘಾತವೂ ಒಂದೇ ಎಂದು ವಾದಿಸುವವರುಂಟು. ಕಲಿಯುವವರಿಗೆ ಸುಲಭವಾಗಲೆಂದು ಮಾಡಿದ ಈ ಸಮೀಕರಣವು ಛಂದಸ್ಸಿನ ಬುಡಕ್ಕೇ ಕೊಡಲಿಯಿಡುತ್ತದೆ.

ಇಟಾಲಿಯನ್ ಭಾಷೆಯನ್ನು ನೋಡಬಹುದು. ಅಲ್ಲಿ 'ಆಂಕೊರ' ಎಂದು ಮೊದಲ ಅಕ್ಷರವನ್ನು ಎತ್ತಿ ನುಡಿದರೆ ಹಡಗಿನ ಲಂಗರು. 'ಅಂಕೋರ' ಎಂದು ನಡುವಿನದನ್ನು ಎತ್ತಿದರೆ 'ಇನ್ನೂ' ಎಂಬ ಅರ್ಥ. ಸಾಮಾನ್ಯ ಬರಹದಲ್ಲಿ ಎರಡಕ್ಕೂ ರೂಪವೊಂದೇ, ಭೇದವೆಲ್ಲ ಆಘಾತದ್ದು. ಪದದೊಳಗೆ ಆಘಾತ ಬಿದ್ದ ಅಕ್ಷರವು ಸ್ವರದಲ್ಲಿ ಮುಗಿದರೆ ಆ ಸ್ವರ ನೀಳವಾಗುತ್ತದೆ. ಎಂದರೆ ಅಲ್ಲಿ ದೀರ್ಘತೆಯು ಆಘಾತದ ಫಲ. ಕನ್ನಡದಲ್ಲಿ ದೀರ್ಘತೆಯು ಪದದ ಸ್ವಂತ ಸ್ವತ್ತು. ಎಷ್ಟು ಒತ್ತಿ ನುಡಿದರೂ 'ಕರು' 'ಕಾರು' ಆಗದು.

ಕೋಲಾರದ ಚಿನ್ನದ ಗಣಿಗಳ ಮಗ್ಗುಲಿನ ರಾಬರ್ಟ್‌ಸನ್‌ಪೇಟೆಯ ಹೆಸರೇ ಇದಕ್ಕೆ ಸಾಕ್ಷಿ. ಇಂಗ್ಲಿಷಿನವರು 'ರಾಬರ್ಟ್‌ಸನ್' ಎಂಬಲ್ಲಿ ಮೊದಲ ಅಕ್ಷರವನ್ನು ಎತ್ತಿ, ಉಳಿದ ಸ್ವರಗಳನ್ನು ಸಡಿಲಿಸುತ್ತಾರೆ. ಕನ್ನಡದ ಲೆಕ್ಕದಲ್ಲಿ ಅದು ರಾ-ಬರ್ಟ್-ಸನ್-ಪೇ-ಟೆ: ನಾಲ್ಕು ಗುರು, ಒಂದು ಲಘು, ಒಟ್ಟು 9 ಮಾತ್ರೆ. ಗುರುವೇ ಆಘಾತವಾದರೆ ಒಂದೇ ಪದದಲ್ಲಿ ಸಾಲಾಗಿ ನಾಲ್ಕು ಆಘಾತಗಳು ಬೀಳಬೇಕು! ಒಂದನ್ನು ಉಳಿದವುಗಳಿಂದ ಎತ್ತಿ ತೋರಿಸುವುದೇ ಆಘಾತದ ಸ್ವಭಾವವಾಗಿರುವಾಗ ಇದು ನಗೆಪಾಟಲಿನ ಮಾತು.

'ಒತ್ತಕ್ಷರ' ಎಂಬ ಹೆಸರೂ ಕೆಲವರನ್ನು ದಾರಿ ತಪ್ಪಿಸಿದೆ. 'ಬಳ್ಳಿ'ಯಲ್ಲಿ ಒತ್ತು ಬರೆದಿರುವುದು ಎರಡನೆಯ ಅಕ್ಷರದ ಕೆಳಗೆ; ಗುರುವಾಗುವುದು ಮೊದಲನೆಯದು. ಇಟಾಲಿಯನ್ನರೂ ಇಂಥ ದ್ವಿತ್ವವನ್ನು ಎರಡು ಅಕ್ಷರಗಳಿಗೆ ಹಂಚುತ್ತಾರೆ, ನಿಜ. ಆದರೆ 'ಪಾಸ್ತಾ'ವನ್ನು ಅವರು ಪಾ-ಸ್ತಾ ಎಂದು ಒಡೆದರೆ, ಕನ್ನಡದ 'ಹಸ್ತ' ಹಸ್-ತ ಎಂದೇ ಒಡೆಯುತ್ತದೆ. ಅಕ್ಷರವಿಭಾಗದಲ್ಲಿಯೇ ಸಾಮ್ಯ ಇಷ್ಟಕ್ಕೆ ಮುಗಿಯುವಾಗ ಆಘಾತದ ಸಾಮ್ಯವೆಲ್ಲಿ?

ಪ್ರಾಚೀನರಿಗೆ ಕಿವಿಯಿರಲಿಲ್ಲವೆನ್ನುವಂತಿಲ್ಲ. 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಿಥಿಲದ್ವಿತ್ವವನ್ನು ಗುರುತಿಸಿದ್ದಾನೆ. 'ಎರ್ದೆ', 'ಬರ್ದುಂಕು' ಮೊದಲಾದವುಗಳಲ್ಲಿ ಸಂಯುಕ್ತಾಕ್ಷರವಿದ್ದರೂ ಉಚ್ಚಾರ ತೇಲಿಸಿದ್ದಾದ್ದರಿಂದ ಹಿಂದಿನ ಅಕ್ಷರ ಲಘುವಾಗಿಯೇ ನಿಲ್ಲಬಲ್ಲದು. ಇಷ್ಟು ಸೂಕ್ಷ್ಮವನ್ನು ಕೇಳಿಸಿಕೊಂಡ ಪರಂಪರೆ ಗುರುವನ್ನು ಅಳೆದದ್ದು ಮಾತ್ರೆಯಿಂದ, ಆಘಾತದಿಂದಲ್ಲ. ಛಂದೋಂಬುಧಿಯ ನಾಗವರ್ಮನೂ, ಛಂದೋನುಶಾಸನದ ಏಳನೆಯ ಅಧಿಕಾರವನ್ನು ಕನ್ನಡದ ಛಂದಸ್ಸಿಗೆ ಮೀಸಲಿಟ್ಟ ಜಯಕೀರ್ತಿಯೂ ನಡೆದದ್ದು ಇದೇ ಹಾದಿಯಲ್ಲಿ.

ಆಘಾತದ ಅಳತೆಗೋಲು ಹಿಡಿದು ಕಂದವನ್ನೋದುವವನು ಗುರುವನ್ನು ಗುದ್ದಿ ಲಘುವನ್ನು ನುಂಗುತ್ತಾನೆ. ನುಂಗಿದ ಲಘುವಿನೊಡನೆ ಒಂದು ಮಾತ್ರೆ ಹೋಗುತ್ತದೆ. ಮಾತ್ರೆ ಹೋದಲ್ಲಿ ಗಣ ಮುರಿಯುತ್ತದೆ. ಬಳಿಕ ಹಳಗನ್ನಡ ಕಾವ್ಯಕ್ಕೆ ಲಯವಿಲ್ಲವೆಂದು ದೂರುವುದು ಕವಿಗೆ ಮಾಡುವ ಅನ್ಯಾಯ. ದೋಷ ಪದ್ಯದ್ದಲ್ಲ, ಎರವಲು ತಂದ ಅಳತೆಗೋಲಿನದು.