ತೊಡಕು ಹೇಸಿಗೆಯದಲ್ಲ, ಖಾತರಿಯದು



ಒಳಚರಂಡಿ ನೀರು ಶುದ್ಧೀಕರಣ ಘಟಕಗಳಲ್ಲಿ ಉಳಿಯುವ ಸ್ಲಡ್ಜನ್ನು ಬೆಳೆಗೆ ಗೊಬ್ಬರವಾಗಿ ಕೊಡುವ ಮಾತು ಬಂದಾಗಲೆಲ್ಲ, ‘ರೈತರಿಗೆ ಹೇಸಿಗೆ, ಮೊದಲು ಅವರಲ್ಲಿ ಅರಿವು ಮೂಡಿಸಬೇಕು’ ಎಂದು ವೇದಿಕೆಯ ಮೇಲಿದ್ದವರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಸುತ್ತಮುತ್ತ ಪಾಯಿಖಾನೆ ಗುಂಡಿ ಖಾಲಿ ಮಾಡುವ ಟ್ಯಾಂಕರುಗಳನ್ನು ತೋಟಕ್ಕೇ ಕರೆಸಿಕೊಂಡು, ಮಲ ಒಣಗಿದ ಮೇಲೆ ಬಾಳೆ, ತೆಂಗಿನ ಬುಡಕ್ಕೆ ಹಾಕುವ ರೈತರು ಎಷ್ಟೋ ವರ್ಷಗಳಿಂದ ಇದ್ದಾರೆ. ಮನೆಗಳಲ್ಲಿ ದನ ಕಡಿಮೆಯಾಗಿ ಕೊಟ್ಟಿಗೆ ಗೊಬ್ಬರ ದುಬಾರಿಯಾಗಿದೆ. ಸಾರಜನಕ, ರಂಜಕ, ಸಾವಯವ ಅಂಶ ಮೂರೂ ಇರುವ ವಸ್ತುವನ್ನು ಬೇಡ ಎನ್ನುವವರು ಯಾರು? ನಾವು ಕೇಳುತ್ತಿರುವುದು ಅರಿವಿನ ಶಿಬಿರವನ್ನಲ್ಲ, ಲೋಡಿನ ಜೊತೆ ಒಂದು ಪರೀಕ್ಷಾ ವರದಿಯನ್ನು.

ವರದಿ ಯಾಕೆಂದರೆ, ಎಲ್ಲ ಸ್ಲಡ್ಜೂ ಒಂದೇ ಅಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಘಟಕಕ್ಕೆ ಬರುವುದು ಮನೆಗಳ ಗುಂಡಿಯ ಮಲ. ಅದನ್ನು ಒಣಗಿಸಿ, ಊರಿನ ಹಸಿ ಕಸದೊಂದಿಗೆ ಕೊಳೆಸಿ ಕಾಂಪೋಸ್ಟ್ ಮಾಡುತ್ತಾರೆ. ಒಳ್ಳೆಯ ಕೆಲಸ. ಮಹಾನಗರದ ಚರಂಡಿ ಹಾಗಲ್ಲ. ಬಚ್ಚಲು, ಪಾಯಿಖಾನೆಯ ನೀರಿನ ಜೊತೆ ಲೋಹಲೇಪನದ ಘಟಕಗಳದ್ದು, ಗ್ಯಾರೇಜುಗಳದ್ದು ಎಲ್ಲವೂ ಅಲ್ಲಿ ಸೇರುತ್ತದೆ. ಬೆಂಗಳೂರಿನ ಕೊಳೆನೀರು ಹರಿಯುವ ವೃಷಭಾವತಿ ನದಿಯ ದಂಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಶುದ್ಧವಾಗಿ ಹೊರಬಂದಷ್ಟೂ ಅದರಲ್ಲಿದ್ದ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ತಳದ ಸ್ಲಡ್ಜಿನಲ್ಲಿ ಕೂರುತ್ತವೆ. ಕಾಂಪೋಸ್ಟಿನ ಕಾವಿಗೆ ರೋಗಾಣುಗಳು, ಜಂತುಹುಳುವಿನ ಮೊಟ್ಟೆಗಳು ಸಾಯುತ್ತವೆ. ಲೋಹ ಸಾಯುವುದಿಲ್ಲ. ರಾಶಿ ಕೊಳೆತು ಇಳಿದಂತೆ ಲೋಹದ ಸಾಂದ್ರತೆ ಏರುತ್ತದೆ. ಒಮ್ಮೆ ಹೊಲ ಸೇರಿದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. ಪಾಲಕ್‌ನಂಥ ಸೊಪ್ಪು ಕ್ಯಾಡ್ಮಿಯಂ ಅನ್ನು ಸುಲಭವಾಗಿ ಹೀರುತ್ತದೆ.

ಅಳತೆಗೋಲು ಇಲ್ಲವೆಂದಲ್ಲ. ಕೇಂದ್ರದ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರದ ಕಸದಿಂದ ಮಾಡಿದ ಕಾಂಪೋಸ್ಟಿನ ಒಂದು ಕಿಲೋದಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100 ಮಿಲಿಗ್ರಾಂ ಮೀರುವಂತಿಲ್ಲ. ಚೀಲದಲ್ಲಿ ಬರುವ ಗೊಬ್ಬರಕ್ಕೆ ಈ ಮಿತಿ ಇರುವಾಗ, ಟ್ರ್ಯಾಕ್ಟರಿನಲ್ಲಿ ಬರುವ ಸ್ಲಡ್ಜಿಗೆ ಯಾಕೆ ಬೇಡ?

ಅಮೆರಿಕದಲ್ಲಿ 1993ರಿಂದಲೇ ಈ ಬಗ್ಗೆ ನಿಯಮಗಳಿವೆ. ರೋಗಾಣು ಪೂರ್ತಿ ನಾಶವಾಗದ ಸ್ಲಡ್ಜ್ ಹಾಕಿದ ಹೊಲದಲ್ಲಿ, ಮಣ್ಣಿಗೆ ತಾಗುವ ಫಸಲನ್ನು 14 ತಿಂಗಳು ಕೊಯ್ಯುವಂತಿಲ್ಲ. ನೆಲದೊಳಗೆ ಬೆಳೆಯುವ ಗಡ್ಡೆಗಳಿಗೆ ಕಾಯುವ ಅವಧಿ ಇನ್ನೂ ಹೆಚ್ಚು. ಇಷ್ಟಿದ್ದೂ ಅಲ್ಲಿನ ನಿಯಮಗಳ ಪಟ್ಟಿಯಲ್ಲಿ ಇಲ್ಲದ, ಸುಲಭಕ್ಕೆ ನಾಶವಾಗದ ಪಿಎಫ್‌ಎಎಸ್ ರಾಸಾಯನಿಕಗಳು ಮೇನ್ ರಾಜ್ಯದ ಹೈನುಗಾರರ ಹಾಲಿನಲ್ಲಿ ಸಿಕ್ಕವು. ಆ ರಾಜ್ಯ 2022ರಲ್ಲಿ ಸ್ಲಡ್ಜನ್ನು ಭೂಮಿಗೆ ಹಾಕುವುದನ್ನೇ ನಿಷೇಧಿಸಿತು. ನೆಲ ಕೆಟ್ಟ ಮೇಲೆ ಬಂದ ಆ ಕಾನೂನಿನಿಂದ ಹಾಲು ಚೆಲ್ಲಿದ ಹೈನುಗಾರನಿಗೆ ಏನು ಸಿಕ್ಕಿತು?

ನಮ್ಮಲ್ಲಿ ಅಂಥ ದಿನ ಬರುವುದು ಬೇಡ. ಕಾರ್ಖಾನೆಗಳ ನೀರು ಒಳಚರಂಡಿಗೆ ಸೇರದಂತೆ ಮಾಲಿನ್ಯ ನಿಯಂತ್ರಣ ಮಂಡಳಿ ತಡೆಯಲಿ. ಪ್ರತಿ ಘಟಕದ ಸ್ಲಡ್ಜನ್ನೂ ಜಲಮಂಡಳಿ ಕಂತು ಕಂತಾಗಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಲೋಡಿನ ಜೊತೆಗೇ ಕಳಿಸಲಿ. ಯಾವ ಬೆಳೆಗೆ ಎಷ್ಟು ಹಾಕಬೇಕು, ಎಷ್ಟು ದಿನ ಕಾಯಬೇಕು ಎಂಬುದನ್ನು ರೈತ ಸಂಪರ್ಕ ಕೇಂದ್ರದವರು ಹೇಳಲಿ. ಅಲ್ಲಿಯವರೆಗೆ ಸೊಪ್ಪು, ಮೂಲಂಗಿ, ಕ್ಯಾರೆಟ್ ಬೆಳೆಯುವ ರೈತಬಾಂಧವರು ವರದಿ ಇಲ್ಲದ ಲೋಡನ್ನು ಹೊಲಕ್ಕೆ ಇಳಿಸಿಕೊಳ್ಳಬಾರದೆಂದು ಕೈಮುಗಿದು ಕೇಳುತ್ತೇನೆ.

– ಒಬ್ಬ ರೈತ, ದೊಡ್ಡಬಳ್ಳಾಪುರ ತಾಲ್ಲೂಕು