ಇಳಕಲಿನ ಆಟ, ಇಳಕಲಿನ ರಸ್ತೆ

ಅಕ್ಕಾರ, ವೈನ್ಯಾರ, ಹುಡುಗ್ರ ಕೈಯಾಗಿನ ಮೊಬೈಲ್ ಕಸ್ಗೊಳ್ಳೂಕಿಂತ ಮದ್ಲ ಒಂದು ಸರ್ತಿ ಬಾಜೂಕ ಕುಂತು ನೋಡ್ರಿ.

ನಮ್ಮನ್ಯಾಗ ಆಡೂದು ಹಿಲ್ ಕ್ಲೈಂಬ್ ರೇಸಿಂಗ್ 2. ಫಿನ್‌ಲ್ಯಾಂಡಿನ ಫಿಂಗರ್‌ಸಾಫ್ಟ್ ಕಂಪನಿ 2016ರಾಗ ತಂದ ಆಟ. ಗ್ಯಾಸು, ಬ್ರೇಕು, ಎರಡ ಪೆಡಲ್. ಬರೇ ಗ್ಯಾಸ್ ಒತ್ತಿದ್ರ ಗೆಲ್ತಾರಂತ ನಾನೂ ತಿಳ್ಕೊಂಡಿದ್ದೆ. ಹಂಗಿಲ್ರಿ. ದಿಬ್ಬದ ಮ್ಯಾಲಿಂದ ಗಾಡಿ ಹಾರಿದಾಗ ಗ್ಯಾಸ್ ಒತ್ತಿದ್ರ ಮೂತಿ ಮ್ಯಾಲೇಳ್ತೈತಿ, ಬ್ರೇಕ್ ಒತ್ತಿದ್ರ ಕೆಳಗ ಬಾಗ್ತೈತಿ. ಇಳಕಲು ಹೆಂಗೈತಿ ಹಂಗ ಗಾಡಿ ಬಾಗಿಸಿ, ಎರಡೂ ಗಾಲಿ ಕೂಡೇ ಊರಿದ್ರ ಓಟ ಮುರಿಯಂಗಿಲ್ಲ. ಮೂತಿ ಎತ್ತಿ ಧಪ್ಪಂತ ಬಿದ್ರ ವ್ಯಾಳ್ಯಾ ಹೋಗ್ತೈತಿ. ತಲಿ ನೆಲಕ್ಕ ಬಡದ್ರ ಆ ಓಟಾನ ಮುಗೀತು. ಈ ತಾಳ್ಮಿ ಕಲಿಯೂದು ಛಲೋನ ಐತಿ.

ಆದ್ರ ನಮ್ಮ ಇರಕಲ್ಲಗಡದ ಕಡೆ ಪೆಟ್ರೋಲ್ ಉಳಸ್ತೀನಂತ ಇಳಕಲಿನ್ಯಾಗ ಬೈಕ್ ನ್ಯೂಟ್ರಲ್ ಮಾಡಿ ಬಿಡೂ ಹುಡುಗ್ರನ್ನ ನೋಡೀನಿ. ಗೇರ್ ತಗದ್ರ ಇಂಜಿನ್ನಿನ ಹಿಡಿತ ತಪ್ಪಿ, ಎಲ್ಲಾ ಭಾರ ಬ್ರೇಕಿನ ಮ್ಯಾಲ ಬೀಳ್ತೈತಿ.

ಅದಕ್ಕ ಆಟ ಬಿಡಸ್ಬ್ಯಾಡ್ರಿ, ಆಡೂ ಮುಂದ ಇದನ್ನ ಹೇಳ್ರಿ. ಮೊಬೈಲಿನ್ಯಾಗ ಬಿದ್ರ ಇನ್ನೊಂದು ಆಟ ಸಿಗ್ತೈತಿ. ಕೊಪ್ಪಳದ ರಸ್ತೇದಾಗ ಸಿಗಂಗಿಲ್ಲ.