ಆಟಿಕೆ ಕಾರಿಗೆ ಸಿಗುವ ಕಾಳಜಿ ತೋಟದ ವೀಡ್ ಕಟರ್‌ಗೆ ಯಾಕಿಲ್ಲ?

ಮಳೆ ಹಿಡಿಯುವ ಮೊದಲು ಒಂದು ಸಲ, ಮಳೆ ಬಿಟ್ಟ ಮೇಲೆ ಇನ್ನೊಂದು ಸಲ. ಕೊಡಗಿನ ಕಾಫಿ ತೋಟಗಳಲ್ಲಿ ಕಳೆ ಹೊಡೆಯುವ ಕೆಲಸ ಈಗ ಬಹುಪಾಲು ವೀಡ್ ಕಟರ್ ಮೇಲೆಯೇ ನಿಂತಿದೆ. ಕತ್ತಿ ಹಿಡಿದು ಕಳೆ ಕಡಿಯಲು ಸಾಕಷ್ಟು ಆಳು ಸಿಗುವ ಕಾಲ ಹೋಯಿತು. ಹೀಗಿರುವಾಗ ಕೆಲಸದ ಮಧ್ಯೆ ಮೆಷಿನ್ ಕೆಟ್ಟರೆ ಆ ದಿನದ ಕೆಲಸವೂ ಹೋಯಿತು, ಕೂಲಿಯೂ ಹೋಯಿತು.

ಪಿಸ್ಟನ್ ಹಿಡಿದುಕೊಂಡ ಮೆಷಿನ್ ರಿಪೇರಿ ಅಂಗಡಿಗೆ ಬಂದಾಗ ಸಾಮಾನ್ಯವಾಗಿ ಕೇಳುವ ಮಾತು ಎರಡು. ಒಂದು, "ಈ ಕಂಪನಿ ಸರಿಯಿಲ್ಲ". ಇನ್ನೊಂದು, "ಹುಡುಗ ಸರಿಯಾಗಿ ಓಡಿಸಲಿಲ್ಲ". ಈ ಎರಡೂ ಹೆಚ್ಚಿನ ಸಲ ನಿಜವಲ್ಲ ಎನ್ನುವುದು ನನ್ನ ಅಭಿಪ್ರಾಯ. ಟೂ-ಸ್ಟ್ರೋಕ್ ಎಂಜಿನ್ನಿನ ಆಯಸ್ಸು ನಿರ್ಧಾರವಾಗುವುದು ಪೆಟ್ರೋಲ್ ಕ್ಯಾನಿನಲ್ಲಿ. ಆ ಕ್ಯಾನಿನ ಜವಾಬ್ದಾರಿ ಮೆಷಿನ್ ಹೆಗಲಿಗೆ ಹಾಕಿಕೊಳ್ಳುವವನದ್ದಲ್ಲ. ಅದನ್ನು ಕೊಂಡವರದ್ದು, ಮಾರಿದವರದ್ದು.

ಇದನ್ನು ಅರ್ಥ ಮಾಡಿಕೊಳ್ಳಲು ಆಟಿಕೆ ಕಾರು ನೋಡಿದರೆ ಸಾಕು. ರಿಮೋಟ್‌ನಲ್ಲಿ ಓಡುವ ನೈಟ್ರೋ ಕಾರುಗಳನ್ನು ನೀವು ಮೊಬೈಲ್‌ನಲ್ಲಿ ನೋಡಿರಬಹುದು. ಅದರೊಳಗಿರುವುದೂ ಟೂ-ಸ್ಟ್ರೋಕ್ ಎಂಜಿನ್ನೇ. ಸುಮಾರು 3.5 ಸಿಸಿ, ಹೆಬ್ಬೆಟ್ಟಿಗಿಂತ ಸ್ವಲ್ಪ ದೊಡ್ಡದು. ಅದಕ್ಕೆ ಪೆಟ್ರೋಲ್ ಅಲ್ಲ, ಮೆಥನಾಲ್ ಮತ್ತು ನೈಟ್ರೋಮೀಥೇನ್ ಹಾಕುತ್ತಾರೆ. ಜೊತೆಗೆ ಸಿಂಥೆಟಿಕ್ ಎಣ್ಣೆ ಇಲ್ಲವೇ ನಮ್ಮ ಹರಳೆಣ್ಣೆ ಬೆರೆತಿರುತ್ತದೆ. ನಿಮಿಷಕ್ಕೆ 30,000 ಸುತ್ತು ದಾಟುವ ಈ ಎಂಜಿನ್ನನ್ನು ಹವ್ಯಾಸಿಗಳು ಹಸುಗೂಸಿನಂತೆ ನೋಡಿಕೊಳ್ಳುತ್ತಾರೆ. ಹೊಸ ಎಂಜಿನ್ ತಂದರೆ ಮೊದಲ ಕೆಲವು ಟ್ಯಾಂಕ್ ಇಂಧನವನ್ನು ನಿಧಾನವಾಗಿ ಓಡಿಸಿ, ತಣಿಯಲು ಬಿಟ್ಟು, ಮತ್ತೆ ಓಡಿಸಿ ಮುಗಿಸುತ್ತಾರೆ. ದಿನದ ಆಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ಒಳಗೆ ನಾಲ್ಕು ಹನಿ ಎಣ್ಣೆ ಬಿಡುತ್ತಾರೆ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ತೇವದಿಂದ ಬೇರಿಂಗ್ ತುಕ್ಕು ಹಿಡಿಯುತ್ತದೆ ಎಂದು ಅವರಿಗೆ ಗೊತ್ತು.

ಆಟಕ್ಕೆ ಇಷ್ಟು ಕಾಳಜಿ. ಅನ್ನ ಕೊಡುವ ಮೆಷಿನ್‌ಗೆ?

ಮೊದಲು ಇಂಧನ ನೋಡೋಣ. ಟೂ-ಸ್ಟ್ರೋಕ್ ಎಂಜಿನ್‌ಗೆ ಬೇರೆ ಆಯಿಲ್ ಚೇಂಬರ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್‌ಗೂ ಬೇರಿಂಗ್‌ಗೂ ಸಿಗುವ ಎಲ್ಲಾ ಎಣ್ಣೆ. 1:50 ಅಂದರೆ 5 ಲೀಟರ್ ಪೆಟ್ರೋಲಿಗೆ 100 ಮಿಲಿ. 1:25 ಅಂದರೆ 200 ಮಿಲಿ. ಯಾವುದು ಸರಿ ಎನ್ನುವುದು ನಿಮ್ಮ ಮೆಷಿನ್ ಮತ್ತು ನೀವು ಕೊಳ್ಳುವ 2ಟಿ ಎಣ್ಣೆಯ ಮೇಲೆ ಹೋಗುತ್ತದೆ. ಕೈಪಿಡಿಯಲ್ಲಿ ಬರೆದಿರುತ್ತದೆ. ಆದರೆ ಎಷ್ಟೋ ಕಡೆ ಅಳತೆ ನಡೆಯುವುದು ಬಾಟಲಿ ಮುಚ್ಚಳದಲ್ಲಿ, ಇಲ್ಲವೇ ಕಣ್ಣಂದಾಜಿನಲ್ಲಿ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತದೆ. "ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ" ಎನ್ನುವುದೂ ಸರಿಯಲ್ಲ. ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ. ಬೈಕಿಗೆ ಹಾಕುವ ಎಂಜಿನ್ ಆಯಿಲ್ ಬೆರೆಸುವುದಂತೂ ಬೇಡವೇ ಬೇಡ. ಇನ್ನು ಫೋರ್-ಸ್ಟ್ರೋಕ್ ಮೆಷಿನ್ ಇದ್ದರೆ ಅದಕ್ಕೆ ಸಾಮಾನ್ಯವಾಗಿ ಬರೀ ಪೆಟ್ರೋಲ್, ಆಯಿಲ್ ಬೇರೆ. ಎರಡೂ ಬಗೆಯ ಮೆಷಿನ್ ಇರುವ ತೋಟದಲ್ಲಿ ಎರಡು ಬಣ್ಣದ ಕ್ಯಾನ್ ಇಡಿ.

ಈಗ ಇದಕ್ಕೆ ಹೊಸ ವಿಷಯವೊಂದು ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಅಂದರೆ ಶೇ. 20 ಎಥೆನಾಲ್. ಕಬ್ಬು, ಜೋಳ ಬೆಳೆಯುವ ರೈತರಿಗೆ ಇದರಿಂದ ಮಾರುಕಟ್ಟೆ ಸಿಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಷ್ಟೋ ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಎಥೆನಾಲ್ ಬೇಡ ಎಂದಿದೆ. ಎಥೆನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಕಾರ್ಬುರೇಟರ್ ಸೆಟ್ಟಿಂಗ್‌ನಲ್ಲೇ ಓಡಿಸಿದರೆ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಮೆಥನಾಲ್‌ನಂತೆ ಎಥೆನಾಲ್ ಕೂಡ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. 2ಟಿ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೆಟ್ರೋಲ್ ಎಳೆಯುವ ಫಿಲ್ಟರ್ ಇರುವುದು ತಳದಲ್ಲಿ. ಆಗ ಎಂಜಿನ್ ಕುಡಿಯುವುದು ಎಣ್ಣೆಯಿಲ್ಲದ ನೀರು ಮಿಶ್ರಿತ ಎಥೆನಾಲ್.

ಜುಲೈ ತಿಂಗಳಲ್ಲಿ ಗೋಡೆಯೂ ಬೆವರುವ ಕೊಡಗಿನಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ ಬೇಕಾದಷ್ಟೇ ಮಿಶ್ರಣ ಮಾಡಿ. ಬೆರೆಸಿದ್ದನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ. ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ. ಕಳೆ ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ತಣಿದ ಮೇಲೆ ಪ್ಲಗ್ ಬಿಚ್ಚಿ ಕೆಲವು ಹನಿ 2ಟಿ ಎಣ್ಣೆ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಮೂರು ಸಲ ಎಳೆಯಿರಿ. ಆಟಿಕೆ ಕಾರಿನವರು ಪ್ರತಿದಿನ ಮಾಡುವುದನ್ನು ನಾವು ವರ್ಷಕ್ಕೆ ಎರಡು ಸಲ ಮಾಡಿದರೂ ಸಾಕು.

ಎರಡನೆಯದು ಹೊಸ ಮೆಷಿನ್ ಪಳಗಿಸುವುದು. ಅಂಗಡಿಯಿಂದ ಬಂದ ದಿನವೇ ಪೂರ್ತಿ ಆಕ್ಸಿಲರೇಟರ್ ಒತ್ತಿ "ಸೌಂಡ್ ನೋಡು" ಎನ್ನುವವರಿದ್ದಾರೆ. ಮೊದಲ ಮೂರು ಟ್ಯಾಂಕ್ ಮುಗಿಯುವವರೆಗೆ ಹುಲ್ಲಿಗೆ ತಾಗಿಸದೆ ಸುಮ್ಮನೆ ಪೂರ್ತಿ ರೈಸ್ ಮಾಡಬಾರದು. ಪಿಸ್ಟನ್ ರಿಂಗ್, ಸಿಲಿಂಡರ್ ಒಂದಕ್ಕೊಂದು ಹೊಂದಿಕೊಂಡು ಪೂರ್ತಿ ಶಕ್ತಿ ಬರಲು 5ರಿಂದ 15 ಟ್ಯಾಂಕ್ ಬೇಕಾಗಬಹುದು. ಅಷ್ಟರೊಳಗೆ "ಪವರ್ ಇಲ್ಲ" ಎಂದು ಕಾರ್ಬುರೇಟರ್ ಸ್ಕ್ರೂ ತಿರುಗಿಸಿದರೆ ಹೊಸ ಎಂಜಿನ್ ಹಾಳಾಗುತ್ತದೆ. ಪ್ರದೇಶದ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟ ಕೆಲಸಕ್ಕೆ ಹೊಸ ಮೆಷಿನ್ ಕಳಿಸುವುದೂ ತಪ್ಪು. ಬೇಗ ಮುಗಿಸಬೇಕಾದವನು ನಿಧಾನವಾಗಿ ಓಡಿಸುವುದಾದರೂ ಹೇಗೆ?

ಮೂರನೆಯದು ಬೇರಿಂಗ್. ಗರಗರ ಶಬ್ದ ಬಂದರೆ, ಫ್ಲೈವೀಲ್ ಹಿಡಿದು ಅಲುಗಾಡಿಸಿದಾಗ ಆಟ ಕಂಡರೆ, ಬೇರಿಂಗ್ ಮುಗಿದಿದೆ. ಆಟಿಕೆ ಕಾರಿನವರಲ್ಲಿ ಸ್ಟೀಲ್ ಬೇರಿಂಗೋ ಸೆರಾಮಿಕ್ಕೋ ಎಂಬ ಚರ್ಚೆ ಜೋರು. ಸೆರಾಮಿಕ್ ಗುಂಡು ತುಕ್ಕು ಹಿಡಿಯುವುದಿಲ್ಲ, ಹಗುರ. ಆದರೆ ಅದು ಉರುಳುವ ಬಳೆ ಸ್ಟೀಲಿನದ್ದೇ. ನಮಗೆ ಅದರ ಅಗತ್ಯವಿಲ್ಲ. ಹಳೆಯ ಬೇರಿಂಗಿನ ಮೇಲಿರುವ ನಂಬರ್ ಪೂರ್ತಿ ಓದಿ ಅದನ್ನೇ ತನ್ನಿ. 6202 ಎಂದಷ್ಟೇ ಅಲ್ಲ, ಅದರ ಪಕ್ಕ ಸಿ3 ಎಂದಿದ್ದರೆ ಅದೂ ಇರಬೇಕು. ಬಿಸಿಯಲ್ಲಿ ಹಿಗ್ಗಲು ಒಳಗೆ ಸ್ವಲ್ಪ ಹೆಚ್ಚು ಜಾಗ ಇದೆ ಎಂದು ಅದರ ಅರ್ಥ. ಎರಡೂ ಬದಿಯ ಬೇರಿಂಗ್ ಮತ್ತು ಆಯಿಲ್ ಸೀಲ್ ಒಟ್ಟಿಗೇ ಬದಲಿಸಿ. ಕ್ಯಾನಿನಲ್ಲಿ ನೀರು ಇದ್ದರೆ ಎಷ್ಟು ದುಬಾರಿ ಬೇರಿಂಗ್ ಹಾಕಿದರೂ ಬಾಳುವುದಿಲ್ಲ.

ಸವೆದ ಬೇರಿಂಗ್ ಮೆಷಿನ್‌ಗೆ ಮಾತ್ರ ಕೆಟ್ಟದ್ದಲ್ಲ. ಅದರ ನಡುಕ ದಿನವಿಡೀ ಕೈಗೆ ಬರುತ್ತದೆ. ವರ್ಷಗಟ್ಟಲೆ ಅಂಥ ನಡುಕ ಹಿಡಿದ ಬೆರಳುಗಳು ಜೋಮು ಹಿಡಿಯುತ್ತವೆ, ಚಳಿಯಲ್ಲಿ ಬಿಳಿಚಿಕೊಳ್ಳುತ್ತವೆ. ಆ ಕೈ ಲೈನ್ ಮನೆಯಲ್ಲಿರುವವರದ್ದು. ಪಿಸ್ಟನ್ ಹಿಡಿದಾಗ ಬೈಸಿಕೊಳ್ಳುವವರೂ ಅವರೇ. ಮಿಶ್ರಣ ಮಾಡಿಕೊಟ್ಟವರು ಸಾಹುಕಾರರೋ ರೈಟರೋ ಆಗಿದ್ದರೂ ಬೈಗುಳ ಮಾತ್ರ ಕೆಳಗೇ ಇಳಿಯುತ್ತದೆ. ಅಸ್ಸಾಮಿನಿಂದ ಬಂದ ಹುಡುಗನಿಗೆ ಇಂಗ್ಲಿಷ್ ಕೈಪಿಡಿ ಕೊಟ್ಟು ತಪ್ಪು ಅವನದೇ ಎನ್ನುವುದು ನ್ಯಾಯವಲ್ಲ.

ಹಾಗಾಗಿ ಮೂರು ಬೇಡಿಕೆ. ಮೆಷಿನ್ ಮಾರುವವರು ಎಣ್ಣೆಯ ಅಳತೆ, ಎಥೆನಾಲ್ ಮಿತಿ, ಮೊದಲ ಮೂರು ಟ್ಯಾಂಕಿನ ನಿಯಮವನ್ನು ಕನ್ನಡದಲ್ಲಿ, ಚಿತ್ರ ಸಮೇತ ಟ್ಯಾಂಕಿನ ಮೇಲೇ ಅಂಟಿಸಿ ಕೊಡಲಿ. ಸಹಾಯಧನದಲ್ಲಿ ಮೆಷಿನ್ ಕೊಡುವ ಕೃಷಿ ಇಲಾಖೆ ಒಂದು ಅಳತೆ ಲೋಟವನ್ನೂ ಅರ್ಧ ದಿನದ ತರಬೇತಿಯನ್ನೂ ಸೇರಿಸಲಿ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಪ್ರತಿ ಮೇ ತಿಂಗಳಲ್ಲಿ ಇದನ್ನು ನಡೆಸಬಹುದು. ಆ ತರಬೇತಿಗೆ ಬರಬೇಕಾದವರು ಮೆಷಿನ್ ಓಡಿಸುವವರು ಮಾತ್ರವಲ್ಲ, ಅದರ ಮಾಲೀಕರೂ ಬರಲಿ. ಆ ದಿನದ ಕೂಲಿಯನ್ನೂ ಕೊಡಲಿ.